ಈರುಳ್ಳಿಗೆ ಹದಿಮೂರೂವರೆ

ಸೊರಬ
೧೦-೨-೧೯೫೮

ಪೂಜ್ಯ ಹುಚ್ಚರಾಯಪ್ಪ ಮಾವನವರಿಗೆ, ನಿಮ್ಮ ತಂಗಿಯ ಮಗಳು ವನಜ ಮಾಡುವ ನಮಸ್ಕಾರಗಳು.

ಅಮ್ಮನ ಕಾಲು ಈಗ ಪರವಾಗಿಲ್ಲ. ಗೋಡೆ ಹಿಡಿದುಕೊಂಡು ಬಚ್ಚಲಿನವರೆಗೆ ಹೋಗಿ ಬರುತ್ತಾಳೆ. ತಾನು ಅಟ್ಟದಿಂದ ಬೀಳಲಿಲ್ಲವಂತೆ, ಏಣಿಯೇ ಅವಳನ್ನು ತಳ್ಳಿತಂತೆ. ನೋಡೋಕೆ ಬಂದವರಿಗೆಲ್ಲ ಇದೇ ಕಥೆ. ಅಷ್ಟು ಜಗಳಕ್ಕೆ ಶಕ್ತಿ ಬಂದಿದೆಯಲ್ಲ, ಸದ್ಯ.

ನನ್ನದೊಂದು ಕೆಲಸ ನಿಮ್ಮಿಂದ ಆಗಬೇಕು. ಅಮ್ಮ ಬಿದ್ದಾಗ ನಾನು ಬೆಂಗಳೂರಿನ ಪ್ರಯೋಗಶಾಲೆ ಬಿಟ್ಟು ಬಂದೆನಲ್ಲ, ಅಲ್ಲಿನ ಪ್ರೊಫೆಸರು ಕಾಗದ ಬರೆದಿದ್ದಾರೆ. ಸಹಾಯಕರ ಹುದ್ದೆ ಒಂದು ಖಾಲಿ ಇದೆ, ಕೇಳುತ್ತಿರುವವರು ಮೂವರು. ಒಂದು ವರ್ಷ ಅಲ್ಲಿ ಅಳತೆ ಮಾಡಿದ್ದನ್ನೆಲ್ಲ ವರದಿಯಾಗಿ ಬರೆದು, ಟೈಪ್ ಮಾಡಿಸಿ, ಮಾರ್ಚಿ ೩೧ರೊಳಗೆ ಮುಟ್ಟಿಸಬೇಕು. ವರದಿ ನೋಡಿ ಒಬ್ಬರನ್ನು ಆರಿಸುತ್ತಾರೆ. ಇದು ತಪ್ಪಿದರೆ ನನಗೆ ಇನ್ನೊಂದು ಬಾಗಿಲು ಇಲ್ಲ ಮಾವ. ಸೊರಬದಲ್ಲಿ ಕೂತು ಸೂಕ್ಷ್ಮದರ್ಶಕದ ಕನಸು ಕಾಣುತ್ತಾ ಮುದುಕಿ ಆಗುತ್ತೇನೆ ಅಷ್ಟೆ.

ನೀವು ಹರಾಜಿನಲ್ಲಿ ತಂದ ಇಂಗ್ಲಿಷ್ ಟೈಪ್‌ರೈಟರ್ ಇದೆಯಲ್ಲ, ಅದರಲ್ಲಿ ಮಾಡಿಕೊಡುತ್ತೀರಾ? ಕೈಬರಹದ ಪ್ರತಿ ನಾನು ಕಳಿಸುತ್ತೇನೆ. ವಿಷಯ ಕಗ್ಗಂಟು, ನೀವು ಅರ್ಥ ಮಾಡಿಕೊಳ್ಳುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಬರೆದ ಹಾಗೇ ಹೊಡೆದರೆ ಸಾಕು.

ನಿಮ್ಮ
ವನಜ

*

ಶಿಕಾರಿಪುರ
೧೪-೨-೧೯೫೮

ಚಿ. ವನಜಳಿಗೆ ಮಾವನ ಆಶೀರ್ವಾದ.

ಟೈಪ್ ಮಾಡಿಕೊಡೋದಕ್ಕೇನಂತೆ. ದಿನಾ ಕಚೇರಿ ಕಟ್ಟೆ ಮೇಲೆ ಕೂತು ಊರವರ ಅರ್ಜಿ ಹೊಡೀತೀನಿ, ತಂಗಿ ಮಗಳದ್ದು ಹೊಡೆಯೋದಿಲ್ವ? ಆದರೆ "ಅರ್ಥ ಮಾಡಿಕೊಳ್ಳಬೇಕಾಗಿಲ್ಲ" ಅಂತ ಬರೆದಿದ್ದೀಯಲ್ಲ, ಆ ಮಾತು ಹಲ್ಲಿನ ಸಂದೀಲಿ ಸಿಕ್ಕಿಕೊಂಡಿದೆ. ಮೂವತ್ತೊಂದು ವರ್ಷ ತಾಲ್ಲೂಕು ಕಚೇರೀಲಿ ಪಹಣಿ ತಪಾಸಣೆ ಮಾಡಿದವನು ನಾನು. "ಸ್ವಾಮಿ, ಓದೋದೇನೂ ಬೇಡ, ರುಜು ಹಾಕಿ ಸಾಕು" ಅಂದ ಶಾನುಭೋಗರ ಕಾಗದವನ್ನೇ ನಾನು ಮೊದಲು ಓದುತ್ತಿದ್ದದ್ದು. ಪ್ರತಿ ಸಲವೂ ಏನಾದರೊಂದು ಸಿಗುತ್ತಿತ್ತು.

ಆದ್ದರಿಂದ ಕೇಳ್ತೀನಿ. ಏನನ್ನು ಅಳೆದದ್ದು? ಯಾತಕ್ಕೆ? ಹೋದ ವರ್ಷ ನಿನ್ನಮ್ಮ ಹೇಳಿದ್ದಳು, ನೀನು ಯಾರದೋ ರಕ್ತ ತೆಗೆದುಕೊಂಡು ಗಾಜಿನ ಮೇಲೆ ಬಳೀತೀಯ ಅಂತ. ಯಾರ ರಕ್ತ? ಕೊಟ್ಟವರ ಒಪ್ಪಿಗೆ ಬರಹದಲ್ಲಿ ಇದೆಯೋ? ಆ ಇನ್ನಿಬ್ಬರು ಯಾರು? ನಿನ್ನ ಕಾಗದಪತ್ರಕ್ಕೆ ಅವರ ಕೈ ಎಟುಕುತ್ತಿತ್ತೋ? ಪೈಪೋಟಿ ಇದ್ದ ಕಡೆ ಕಾಗದ ಬೀಗದಲ್ಲಿರಬೇಕು.

ಇನ್ನೊಂದು. ನಮ್ಮ ಹುಡುಗ ಗಂಗಾಧರನ ವಿಚಾರ ನಿನ್ನಮ್ಮನ ಹತ್ತಿರ ಮಾತಾಡೋದಿದೆ. ಕಾಗದದಲ್ಲಿ ಬರೆಯೋ ಮಾತಲ್ಲ. ಎದುರಿಗೆ ಕೂತು ಹೇಳ್ತೀನಿ.

ಹುಚ್ಚರಾಯಪ್ಪ

*

ಸೊರಬ
೨೦-೨-೧೯೫೮

ಪೂಜ್ಯ ಮಾವನವರಿಗೆ ನಮಸ್ಕಾರ.

ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ. ಯಾವ ಜೀವವೇ ಆಗಲಿ, ಅದರ ಮೈ ಸಣ್ಣ ಸಣ್ಣ ಜೀವಕೋಶಗಳಿಂದ ಆದದ್ದು. ಒಂದೊಂದು ಕೋಶದ ನಡುವೆಯೂ ಒಂದು ತಿರುಳು. ಆ ತಿರುಳಿನಲ್ಲಿ ಡಿ.ಎನ್.ಎ. ಅನ್ನುವ ಪದಾರ್ಥ ಇರುತ್ತದೆ. ಕೋಳಿ ಮರಿ ಕೋಳಿಯೇ ಆಗೋದು, ಈರುಳ್ಳಿ ಈರುಳ್ಳಿಯೇ ಆಗೋದು ಅದರಿಂದಾಗಿ. ವಂಶದ ಗುಣ ಹೊತ್ತು ತರುವುದು ಅದೇ ಅಂತ ಈಗ ತಿಳಿದವರೆಲ್ಲ ಒಪ್ಪುತ್ತಾರೆ. ಅದಕ್ಕೆ ಮಾತ್ರ ಹತ್ತುವ ಒಂದು ಕೆನ್ನೀಲಿ ಬಣ್ಣ ಇದೆ. ಬಣ್ಣ ಎಷ್ಟು ಗಾಢವೋ ಪದಾರ್ಥ ಅಷ್ಟು ಹೆಚ್ಚು. ಬೆಳಕು ಹಾಯಿಸಿ ಅಳೆಯುವ ಉಪಕರಣ ಪ್ರೊಫೆಸರ ಹತ್ತಿರ ಇದೆ. ಕೋಳಿ, ಕಪ್ಪೆ, ಮನುಷ್ಯ, ಈರುಳ್ಳಿ, ಈ ನಾಲ್ಕರ ಕೋಶದಲ್ಲಿ ಅದು ಎಷ್ಟೆಷ್ಟಿದೆ ಅಂತ ನಾನು ಅಳೆದೆ. ಒಂದೇ ಪ್ರಾಣಿಯ ರಕ್ತದಲ್ಲಿ ನೋಡಿ, ಪಿತ್ತಜನಕಾಂಗದಲ್ಲಿ ನೋಡಿ, ಅಳತೆ ಒಂದೇ. ಪ್ರಾಣಿಯಿಂದ ಪ್ರಾಣಿಗೆ ಮಾತ್ರ ಬೇರೆ. ಯಾಕೆ ಬೇರೆ ಅನ್ನೋದೇ ಪ್ರಶ್ನೆ. ಫಲಿತಾಂಶ ವರದಿಯಲ್ಲಿ ಬರುತ್ತದೆ.

ರಕ್ತ ನನ್ನದೇ ಮಾವ. ವರದಿಯಲ್ಲಿ "ಮನುಷ್ಯ" ಅಂತ ಇರುವುದು ನಿಮ್ಮ ತಂಗಿಯ ಮಗಳ ಎಡಗೈ ಉಂಗುರದ ಬೆರಳು. ಒಪ್ಪಿಗೆ ಬಾಯಿಮಾತಿನಲ್ಲೇ ಆಯಿತು.

ಆ ಇನ್ನಿಬ್ಬರು ಒಳ್ಳೆಯವರು. ಅವರ ಮೇಲೆ ಅನುಮಾನ ಬೇಡ.

ಗಂಗಾಧರ ಭಾವನ ಮಾತು ಈಗ ಎತ್ತಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅಮ್ಮನಿಗೂ ನಿಮ್ಮ ಕಾಗದದ ಆ ಭಾಗ ಓದಿ ಹೇಳಿಲ್ಲ.

ವನಜ

*

ಸೊರಬ
೧೨-೩-೧೯೫೮

ಮಾವನವರಿಗೆ ನಮಸ್ಕಾರ.

ವರದಿ ರಿಜಿಸ್ಟರ್ ಅಂಚೆಯಲ್ಲಿ ಬರುತ್ತಿದೆ. ದಿನ ಕಮ್ಮಿ ಇರುವುದರಿಂದ ಟೈಪ್ ಆದದ್ದನ್ನು ತಿರುಗಿ ನನಗೆ ಕಳಿಸಬೇಡಿ, ಶಿಕಾರಿಪುರದಿಂದ ನೇರ ಬೆಂಗಳೂರಿಗೇ ಹಾಕಿ. ವಿಳಾಸ ಲಕೋಟೆಯ ಮೇಲೆ ಬರೆದಿದ್ದೇನೆ. ಕಾರ್ಬನ್ ಪ್ರತಿ ನಿಮ್ಮ ಹತ್ತಿರವೇ ಇರಲಿ.

ವನಜ

*

ಶಿಕಾರಿಪುರ
೧೬-೩-೧೯೫೮

ವನಜಾ,

ಆಶೀರ್ವಾದ ಆಮೇಲೆ. ಮೊದಲು ಇದಕ್ಕೆ ಉತ್ತರ ಹೇಳು. ಹಾಳೆ ಒಂದು, ಎರಡು, ಮೂರು. ಅದರ ಮುಂದಿನದು ಐದು! ನಾಲ್ಕು ಎಲ್ಲಿ? ಅಂಚೇಲಿ ಹೋಯಿತು ಅನ್ನಬೇಡ, ಲಕೋಟೆಯ ಅರಗು ಒಡೆದಿರಲಿಲ್ಲ. ನಿನ್ನ ಕೈಯಲ್ಲೇ ಹೋಗಿದೆ, ಇಲ್ಲವೇ ನಿನ್ನ ಕೈ ಸೇರೋ ಮೊದಲೇ ಯಾರೋ ತೆಗೆದಿದ್ದಾರೆ.

ಎರಡನೆಯದು. ಮೂರನೇ ಹಾಳೆಯ ಪಟ್ಟಿಯಲ್ಲಿ ಒಂದು ಕಡೆ ನನ್ನ ಕಣ್ಣು ನಿಂತಿತು. ಎಲ್ಲಿ ಅಂತ ಹೇಳೋದಿಲ್ಲ. ತಪಾಸಣೆಗೆ ಹೋದಾಗ ನಾನು ಯಾವ ಶಾನುಭೋಗನಿಗೂ ತಪ್ಪು ಎಲ್ಲಿದೆ ಅಂತ ತೋರಿಸಿದವನಲ್ಲ. ತೋರಿಸಿದರೆ ಅಲ್ಲೇ ನಿಂತು ಕಥೆ ಕಟ್ಟುತ್ತಾನೆ. "ಇನ್ನೊಂದು ಸಲ ನೋಡಿಕೊಳ್ರಿ" ಅಂದು ಸುಮ್ಮನೆ ಎಲೆ ಅಡಿಕೆ ಹಾಕಿಕೊಳ್ಳೋದು. ತಪ್ಪು ಮಾಡಿದವನಾದರೆ ತಾನೇ ಬಂದು ಹೇಳುತ್ತಾನೆ. ನಿನಗೂ ಅದೇ ಮಾತು. ಮೂರನೇ ಹಾಳೆ ಇನ್ನೊಂದು ಸಲ ನೋಡಿಕೊ.

ಹುಚ್ಚರಾಯಪ್ಪ

*

ಸೊರಬ
೨೦-೩-೧೯೫೮

ಮಾವನವರಿಗೆ,

ನಾಲ್ಕನೇ ಹಾಳೆ ಕಳೆದಿಲ್ಲ. ಬೇಕೆಂದೇ ಕಳಿಸಿಲ್ಲ. ಅದನ್ನು ಕೈಬರಹದಲ್ಲೇ ಪ್ರೊಫೆಸರಿಗೆ ನಾನೇ ಕಳಿಸಿದ್ದೇನೆ. ಅದರಲ್ಲಿ ಇರುವುದು ನೀವು ನೋಡಬೇಕಾದ್ದಲ್ಲ. ಯಾಕೆ ಅಂತ ಕೇಳಬೇಡಿ.

ಮೂರನೇ ಹಾಳೆಯಲ್ಲಿ ಎಲ್ಲ ಸರಿ ಇದೆ. ನಾನು ಕಳ್ಳ ಶಾನುಭೋಗ ಅಲ್ಲ, ನಿಮ್ಮ ಎಲೆ ಅಡಿಕೆ ಮುಗಿಯುವವರೆಗೆ ಕಾಯುವಷ್ಟು ದಿನವೂ ಉಳಿದಿಲ್ಲ. ದಯಮಾಡಿ ಬರೆದ ಹಾಗೇ ಟೈಪ್ ಮಾಡಿ ಹಾಕಿ.

ವನಜ

*

ಶಿಕಾರಿಪುರ
೨೪-೩-೧೯೫೮

ಚಿ. ವನಜಳಿಗೆ ಆಶೀರ್ವಾದ.

ಈ ದಿನ ಬೆಳಿಗ್ಗೆ ರಿಜಿಸ್ಟರ್ ಮಾಡಿದೆ. ರಸೀದಿ ನನ್ನ ಹತ್ತಿರ ಇದೆ. ನಿಶ್ಚಿಂತೆಯಿಂದ ಇರು. ಹೋಗಬೇಕಿದ್ದ ಮರ್ಯಾದೆ ಉಳೀತು, ಯಾವಾಗಲಾದರೂ ನಗುನಗುತ್ತ ಹೇಳ್ತೀನಿ. ಕೆಲಸ ಸಿಕ್ಕ ಮೇಲೆ ಮಾವನ ಹೆಸರು ಹೇಳಿಕೊಂಡು ಒಂದು ತೆಂಗಿನಕಾಯಿ ಒಡಿ.

ಹುಚ್ಚರಾಯಪ್ಪ

*

ಸೊರಬ
೨೯-೪-೧೯೫೮

ಶ್ರೀ ಹುಚ್ಚರಾಯಪ್ಪನವರಿಗೆ,

ಪ್ರೊಫೆಸರ ಕಾಗದ ನಿನ್ನೆ ಬಂತು. ನೀವು ಓದಲಿ ಅಂತ ಕನ್ನಡದಲ್ಲಿ ಇಳಿಸುತ್ತೇನೆ, ಒಂದು ಅಕ್ಷರ ಬಿಡದೆ.

"ನಿಮ್ಮ ಟೈಪ್ ಮಾಡಿದ ಪಟ್ಟಿಯ ಪ್ರಕಾರ, ಕೋಳಿಯದನ್ನು ಒಂದು ಅಂತ ಇಟ್ಟುಕೊಂಡರೆ, ಮನುಷ್ಯನಿಗೆ ಹದಿಮೂರೂವರೆ, ಈರುಳ್ಳಿಗೆ ಎರಡೂವರೆ. ನೀವೇ ಕೈಬರಹದಲ್ಲಿ ಕಳಿಸಿದ ನಾಲ್ಕನೇ ಹಾಳೆಯಲ್ಲಿ ಈರುಳ್ಳಿಯ ಪರಾಗದಲ್ಲಿ ಪೂರ್ತಿಯ ಅರ್ಧ, ಅಂದರೆ ಆರೂಮುಕ್ಕಾಲು ಇದೆ ಅಂತ ಬರೆದಿದ್ದೀರಿ. ಎರಡೂವರೆಯ ಅರ್ಧ ಆರೂಮುಕ್ಕಾಲು ಆಗುವುದಿಲ್ಲ. ಎರಡರಲ್ಲೊಂದು ಕಡೆ ನೀವು ಅಂಕಿ ಸೃಷ್ಟಿಸಿದ್ದೀರಿ. ಮನುಷ್ಯ ಮೇಲಿರಬೇಕು ಅನ್ನುವ ಆಸೆಯಿಂದ ಅಂಕಿ ತಿದ್ದುವವರನ್ನು ನಾನು ಮೊದಲೂ ಕಂಡಿದ್ದೇನೆ. ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಹುದ್ದೆಗೆ ನಿಮ್ಮ ಹೆಸರನ್ನು ಕೈಬಿಡಲಾಗಿದೆ."

ನಾನು ಬರೆದದ್ದು ಈರುಳ್ಳಿಗೆ ಹದಿಮೂರೂವರೆ, ಮನುಷ್ಯನಿಗೆ ಎರಡೂವರೆ. ಮುನ್ನೂರು ಕೋಶ ಅಳೆದು ಬರೆದದ್ದು. ಅದು ಅದಲುಬದಲು ಆದದ್ದು ಎಲ್ಲಿ ಅಂತ ಕೇಳೋಕೆ ನನಗೆ ತಪಾಸಣೆ ಬೇಕಾಗಿಲ್ಲ. ಸೊರಬಕ್ಕೂ ಬೆಂಗಳೂರಿಗೂ ನಡುವೆ ಇದ್ದದ್ದು ಒಂದೇ ಟೈಪ್‌ರೈಟರ್.

ಯಾಕೆ ಅನ್ನೋದೂ ಗೊತ್ತು. "ಗಂಗಾಧರನ ವಿಚಾರ ಎದುರಿಗೆ ಕೂತು ಹೇಳ್ತೀನಿ" ಅಂದಿರಲ್ಲ. ಸೋದರಮಾವನ ಮಗ, ಶಿರಾಳಕೊಪ್ಪದಲ್ಲಿ ಅಂಗಡಿ, ಹೆಣ್ಣು ಕೈ ತಪ್ಪಬಾರದು. ಬೆಂಗಳೂರಿನ ಕೆಲಸ ಸಿಕ್ಕರೆ ಹೆಣ್ಣು ಹೋಯಿತಲ್ಲ! ನೇರ ಕೇಳಿದ್ದರೆ ನೇರ ಇಲ್ಲ ಅನ್ನುತ್ತಿದ್ದೆ. ಇಷ್ಟು ಕೆಳಗಿಳಿಯುತ್ತೀರಿ ಅಂತ ತಿಳಿದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ?

ಪ್ರೊಫೆಸರಿಗೆ ಬರೆದೆ. "ಟೈಪ್ ಮಾಡಿದವರು ತಪ್ಪಿದರು" ಅಂತ ಎಲ್ಲರೂ ಹೇಳುವುದೇ ಅಂತ ಉತ್ತರ ಬರುತ್ತದೆ, ನೋಡುತ್ತಿರಿ.

ವನಜ

*

ಸೊರಬ
೧೨-೫-೧೯೫೮

ಹದಿಮೂರು ದಿನವಾಯಿತು, ನಿಮ್ಮಿಂದ ಒಂದು ಕಾರ್ಡೂ ಇಲ್ಲ. ಪ್ರೊಫೆಸರ ಉತ್ತರ ನಾನು ಹೇಳಿದ ಹಾಗೇ ಬಂತು. ಆಧಾರ ಇದ್ದರೆ ತೋರಿಸಿ, ಟೈಪಿಗೆ ಕೊಟ್ಟ ಮೂಲವೇ ಬೇಕು, ನಿಮ್ಮದೇ ಟಿಪ್ಪಣಿ ಪುಸ್ತಕ ಸಾಲದು ಅಂದಿದ್ದಾರೆ. ನಾನು ಕೊಟ್ಟ ಕೈಬರಹದ ಮೂರನೇ ಹಾಳೆ ನಿಮ್ಮ ಹತ್ತಿರ ಇತ್ತು. ಈಗ ಒಲೆ ಸೇರಿರಬೇಕು.

ಅಮ್ಮನಿಗೆ ಎಲ್ಲ ಹೇಳಿದೆ. "ನಮ್ಮಣ್ಣ ಹಾಗೆ ಮಾಡೋನಲ್ಲ" ಅಂದಳು, ಅಷ್ಟು ಹೇಳಿ ಗೋಡೆ ಕಡೆ ತಿರುಗಿದಳು. ನೀವು ಸುಮ್ಮನಿರುವ ಒಂದೊಂದು ದಿನವೂ ಅವಳ ಮಾತು ಸುಳ್ಳಾಗುತ್ತಿದೆ.

ವನಜ

*

ಶಿಕಾರಿಪುರ
೨೬-೫-೧೯೫೮

ಚಿ. ವನಜ,

ಆಶೀರ್ವಾದ ಅಂತ ಬರೆಯೋಕೆ ಕೈ ಹೆದರುತ್ತೆ. ಆದರೂ ಬರೆದಿದ್ದೀನಿ ಅಂತ ತಿಳಿ.

ಅಂಕಿ ಅದಲುಬದಲು ಮಾಡಿದವನು ನಾನೇ. ಹೆಣ್ಣು ಕೈ ತಪ್ಪೀತು ಅಂತ ಅಲ್ಲ. ಗಂಗಾಧರನಿಗೆ ಜಡೆ ಊರಲ್ಲಿ ಹೆಣ್ಣು ನೋಡಿ ಒಪ್ಪಿಕೊಂಡದ್ದು ಹೋದ ಸಂಕ್ರಾಂತಿಗೇ. ನಿನ್ನಮ್ಮ ನಿನ್ನನ್ನು ನಮ್ಮ ಮನೆಗೇ ಕೊಡಬೇಕು ಅಂತ ಎಷ್ಟೋ ವರ್ಷದಿಂದ ಆಸೆ ಇಟ್ಟುಕೊಂಡಿದ್ದಳು. ಕಾಲು ಮುರಿದುಕೊಂಡು ಮಲಗಿದವಳಿಗೆ ಕಾಗದದಲ್ಲಿ ಹೇಗೆ ಹೇಳೋದು ಅಂತ ಎದುರಿಗೆ ಹೇಳ್ತೀನಿ ಅಂದೆ. ನೀನು ಅದನ್ನು ಹೀಗೆ ಓದಿಕೊಂಡೆ. ನಾನು ಬರೆದದ್ದೂ ಹಾಗೇ ಇತ್ತು.

ಮೂರನೇ ಹಾಳೇಲಿ ಈರುಳ್ಳಿಗೆ ಹದಿಮೂರೂವರೆ, ಮನುಷ್ಯನಿಗೆ ಎರಡೂವರೆ ಅಂತ ನೋಡಿದೆ. ವಂಶದ ಗುಣ ಹೊರೋ ಪದಾರ್ಥ ಅಂತ ನೀನೇ ಬರೆದಿದ್ದೆ. ನಾಲ್ಕು ಸಿಪ್ಪೆ ಸುಲಿದರೆ ಒಳಗೆ ಏನೂ ಇಲ್ಲದ ಈರುಳ್ಳಿಗೆ ಅದು ಮನುಷ್ಯನ ಐದರಷ್ಟು ಯಾಕೆ ಬೇಕು? ಸಾಲು ತಪ್ಪಿ ನಕಲಾಗಿದೆ ಅಂದುಕೊಂಡೆ. ಪಹಣೀಲಿ ಮೇಲಿನ ಸಾಲಿನ ಗುಂಟೆ ಕೆಳಗೆ, ಕೆಳಗಿನದು ಮೇಲೆ, ಇಂಥದ್ದು ನೂರು ನೋಡಿದ್ದೀನಿ. ಅದರ ಮೇಲೆ ನಾಲ್ಕನೇ ಹಾಳೆ ಬೇರೆ ಇಲ್ಲ. ಯಾಕೆ ಅಂತ ಕೇಳಬೇಡಿ ಅಂತ ನೀನು ಬರೆದೆ. ಆ ಇಬ್ಬರಲ್ಲಿ ಒಬ್ಬರು ನಿನ್ನ ಕಾಗದಕ್ಕೆ ಕೈ ಹಾಕಿದ್ದಾರೆ, ನೀನು ಯಾರನ್ನೋ ಕಾಪಾಡ್ತಿದ್ದೀಯ ಅಂತ ನನ್ನ ತಲೆ ಓಡಿತು. ಇನ್ನೊಂದು ಮಾತು, ನಗಬೇಡ. ಆ "ಮನುಷ್ಯ" ನೀನು ಅಂತ ಗೊತ್ತಿತ್ತಲ್ಲ. ನನ್ನ ತಂಗಿ ಮಗಳು ಈರುಳ್ಳಿಗಿಂತ ಕಡಿಮೆ ಅಂತ ನನ್ನ ಕೈಯಾರೆ ಹೊಡೆಯೋಕೆ ಬೆರಳು ಬಗ್ಗಲಿಲ್ಲ.

ನಿನ್ನ ಕೈಬರಹದ ಹಾಳೆ ಒಲೆಗೆ ಹೋಗಿಲ್ಲ. ಕಚೇರಿ ರೂಢಿ ಕಣವ್ವ. ದಾಖಲೇಲಿ ಅಂಕಿ ತಿದ್ದಿದರೆ ಹಳೇದು ಕಾಣೋ ಹಾಗೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ ತಿದ್ದಿದವನು ಸಣ್ಣ ರುಜು ಹಾಕಿ ತಾರೀಖು ಬರೀಬೇಕು. ಇಲ್ಲದಿದ್ದರೆ ಅದು ತಿದ್ದುಪಡಿ ಅಲ್ಲ, ಕಳ್ಳತನ. ನಿನ್ನ ಹಾಳೆಗೂ ಹಾಗೇ ಗೀಟು ಎಳೆದು "ಹು. ೨೨-೩-೫೮" ಅಂತ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದೆ. ನಿನ್ನ ಏಪ್ರಿಲ್ ಕಾಗದ ಬಂದ ದಿನ ತೆಗೆದು ನೋಡಿದೆ. ನಿನ್ನ ಹೆಸರು ಉಳಿಸೋಕೆ ಈ ಹಾಳೆ ಒಂದೇ ಸಾಕು ಅಂತ ಅವತ್ತೇ ತಿಳೀತು. ಅದನ್ನು ತೋರಿಸಿದರೆ ಮೂವತ್ತೊಂದು ವರ್ಷದ ನನ್ನ ಹೆಸರು ಹೋಗುತ್ತೆ ಅಂತಲೂ ತಿಳೀತು. ಊರವರ ತಪ್ಪು ಹಿಡಿದವನು ಸ್ವಂತ ತಂಗಿ ಮಗಳ ಕಾಗದ ತಿದ್ದಿದ ಅಂತ ನಾಳೆ ಕಚೇರಿ ಕಟ್ಟೆ ಮೇಲೆ ಆಡಿಕೊಂಡರೆ? ಎರಡು ಸಲ ಹಾಳೆ ಹಿಡಿದುಕೊಂಡು ಒಲೆ ಹತ್ತಿರ ಹೋದೆ. ಎರಡು ಸಲವೂ ತಿರುಗಿ ತಂದಿಟ್ಟೆ. "ನಮ್ಮಣ್ಣ ಹಾಗೆ ಮಾಡೋನಲ್ಲ" ಅಂತ ನಿನ್ನಮ್ಮ ಅಂದಳು ಅಂತ ಬರೆದೆಯಲ್ಲ, ಆ ಮೇಲೆ ಕೂರೋಕಾಗಲಿಲ್ಲ. ಮನೇಲಿ ಶಿವಮೊಗ್ಗ ಅಂತ ಸುಳ್ಳು ಹೇಳಿ ಬೆಂಗಳೂರಿಗೆ ರೈಲು ಹತ್ತಿದೆ.

ಹತ್ತೊಂಬತ್ತನೇ ತಾರೀಖು ಪ್ರೊಫೆಸರ ಎದುರು ಹಾಳೆ ಇಟ್ಟೆ. ಕೆಂಪು ಗೀಟು ನೋಡಿದರು, ನನ್ನ ರುಜು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆ ಅಂತ ಕಾದೆ. "ಬನ್ನಿ" ಅಂತ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಕೋಳಿದು ತೋರಿಸಿದರು, ಸಾಸಿವೆ ಕಾಳಿನಷ್ಟು ಕೆನ್ನೀಲಿ ಚುಕ್ಕೆ. ಈರುಳ್ಳಿದು ತೋರಿಸಿದರು. ಅಬ್ಬಾ! ಅಲಸಂದೆ ಕಾಳು! ಗಾಜು ಬದಲಾಯಿಸಿ ಏನಾದರೂ ಮೋಸ ಮಾಡ್ತಿದ್ದಾರೋ ಅಂತ ಅಲ್ಲೂ ನನಗೆ ಅನುಮಾನ. ನಾನೇ ಕೈಯಾರೆ ಗಾಜು ತೆಗೆದು, ಚೀಟಿ ಓದಿ, ತಿರುಗಿ ಇಟ್ಟು ನೋಡಿದೆ. ಅದೇ.

ಯಾಕೆ ಸ್ವಾಮಿ ಹೀಗೆ ಅಂದೆ. "ಗೊತ್ತಿಲ್ಲ" ಅಂದರು. ನನ್ನ ಸರ್ವಿಸಿನಲ್ಲಿ ಒಬ್ಬ ಮೇಲಧಿಕಾರಿ ಬಾಯಲ್ಲೂ ಆ ಮಾತು ಕೇಳಿರಲಿಲ್ಲ. ರೈಲಲ್ಲಿ ಬರೋವಾಗ ಚಂದ್ರಗುತ್ತಿ ಕಡೆಯ ಒಂದು ಸರ್ವೆ ನಂಬರು ನೆನಪಾಯಿತು. ನಲವತ್ತು ಎಕರೆ, ಅದರಲ್ಲಿ ಮೂವತ್ತೆಂಟು ಖರಾಬು, ಬರೀ ಕಲ್ಲು. ಅದರ ಪಕ್ಕದ ಮೂರು ಎಕರೆ ಗದ್ದೆ ಹನ್ನೊಂದು ಜನಕ್ಕೆ ಅನ್ನ ಹಾಕುತ್ತೆ. ಆ ಪಹಣಿ ಸರಿ ಅಂತ ರುಜು ಹಾಕಿದವನು ನಾನೇ. ವಿಸ್ತೀರ್ಣ ಬೇರೆ, ಬೆಳೆ ಬೇರೆ ಅಂತ ಭೂಮಿ ವಿಷಯದಲ್ಲಿ ಗೊತ್ತಿದ್ದವನಿಗೆ ಈರುಳ್ಳಿ ವಿಷಯದಲ್ಲಿ ಹೊಳೀಲಿಲ್ಲ. ಅದರಲ್ಲೂ ಖರಾಬು ಇರುತ್ತೋ ಏನೋ. ನೀನೇ ಅಳೆದು ಹೇಳಬೇಕು.

ಈಗ ಕೆಟ್ಟ ಸುದ್ದಿ. ಆ ಹುದ್ದೆ ಹದಿನಾಲ್ಕನೇ ತಾರೀಖೇ ಇನ್ನೊಬ್ಬರಿಗೆ ಆರ್ಡರ್ ಆಗಿತ್ತು. ನಾನು ಹೋಗಿದ್ದು ಹತ್ತೊಂಬತ್ತಕ್ಕೆ. ನಿನ್ನ ಕಾಗದ ಬಂದ ದಿನವೇ ಹೊರಟಿದ್ದರೆ ಸಿಗುತ್ತಿತ್ತು ಅಂತ ಪ್ರೊಫೆಸರೇ ಹೇಳಿದರು. ಅಂಕಿ ತಿದ್ದಿದ್ದು ತಿಳಿಯದೆ ಮಾಡಿದ್ದು. ಹದಿನೆಂಟು ದಿನ ಸುಮ್ಮನೆ ಕೂತದ್ದು ತಿಳಿದೇ ಮಾಡಿದ್ದು. ಮೊದಲನೆಯದಕ್ಕೆ ಬೈದು ಬಿಡು, ಎರಡನೆಯದಕ್ಕೆ ಏನು ಮಾಡ್ತೀಯೋ ನಿನಗೆ ಬಿಟ್ಟದ್ದು.

ನಿನ್ನ ಮೇಲಿನ ಅಪವಾದ ಹೋಯಿತು, ಅವರೇ ನಿನಗೆ ಬರೀತಾರೆ. ಜನವರಿಯಲ್ಲಿ ಇನ್ನೊಂದು ಹುದ್ದೆ ಬರುತ್ತಂತೆ. ಇನ್ನೊಂದು ವರದಿ ಕಳಿಸಲಿ ಅಂದರು. ಟೈಪ್ ಬೇರೆ ಕಡೆ ಮಾಡಿಸು.

ಹುಚ್ಚರಾಯಪ್ಪ

*

ಸೊರಬ
೧೦-೬-೧೯೫೮

ಮಾವನವರಿಗೆ,

ನಿಮ್ಮ ಕಾಗದ ಬಂದು ಹನ್ನೆರಡು ದಿನವಾಯಿತು. ಬೇಕೆಂದೇ ಉತ್ತರ ಬರೆಯಲಿಲ್ಲ. ಹದಿನೆಂಟು ದಿನ ಸುಮ್ಮನಿರಬೇಕು ಅಂತಿದ್ದೆ, ಹನ್ನೆರಡಕ್ಕೇ ಸೋತೆ. ಸುಮ್ಮನಿರೋದೂ ಸುಲಭ ಅಲ್ಲ.

ಸಿಟ್ಟು ಇನ್ನೂ ಇಳಿದಿಲ್ಲ. ಆ ಹುದ್ದೆಯ ಬೀಗದಕೈ ಈಗ ಇನ್ನೊಬ್ಬರ ಸೊಂಟದಲ್ಲಿದೆ ಅಂತ ನೆನೆದರೆ ಊಟ ಸೇರುವುದಿಲ್ಲ. ಕ್ಷಮಿಸಿದ್ದೇನೆ ಅಂತ ಬರೆದರೆ ಅದೂ ಸುಳ್ಳು ಅಂಕಿಯೇ ಆಗುತ್ತದೆ. ಸ್ವಲ್ಪ ದಿನ ಬೇಕು.

ಆದರೆ ನಾಲ್ಕನೇ ಹಾಳೆ ತಡೆದದ್ದು ನಾನು. ಅದರಲ್ಲಿ ಇದ್ದದ್ದು ಈರುಳ್ಳಿಯ ಪರಾಗ, ಗಂಡು ಕಪ್ಪೆಯ ಬೀಜ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುತ್ತದೆ ಅಂತ ಲೆಕ್ಕ ತೋರಿಸಿದ ಹಾಳೆ. ಇದನ್ನು ಸೋದರಮಾವ ಕೂತು ಟೈಪ್ ಮಾಡೋದೇ ಅಂತ ನಾಚಿಕೆ ಆಯಿತು, ಅಷ್ಟೆ. ಆ ನಾಚಿಕೆ ಬಿಟ್ಟಿದ್ದರೆ ಆರೂಮುಕ್ಕಾಲು ನಿಮ್ಮ ಕಣ್ಣಿಗೆ ಬೀಳುತ್ತಿತ್ತು, ಹದಿಮೂರೂವರೆ ಕೈತಪ್ಪಲ್ಲ ಅಂತ ನಿಮಗೆ ಗೊತ್ತಾಗುತ್ತಿತ್ತು. ಗಂಗಾಧರ ಭಾವನ ಬಗ್ಗೆ ಬರೆದದ್ದಕ್ಕೂ ತಲೆ ತಗ್ಗಿಸುತ್ತೇನೆ. ಜಡೆ ಊರಿನ ಸಂಬಂಧದ ಸುದ್ದಿ ಅಮ್ಮನಿಗೆ ಹೇಳಿದೆ. ಒಂದು ಗಳಿಗೆ ಅತ್ತಳು, ಆಮೇಲೆ ಹುಡುಗಿ ಹೇಗಿದ್ದಾಳೆ, ಎಷ್ಟು ಓದಿದ್ದಾಳೆ ಅಂತ ಕೇಳಿದಳು. ಮದುವೆಗೆ ಗಾಡಿ ಕಟ್ಟಿಸಿಕೊಂಡಾದರೂ ಬರುತ್ತಾಳಂತೆ.

ಈ ಕಾಗದದ ಜೊತೆ ಎರಡನೇ ವರದಿ ಇದೆ. ಒಂದರಿಂದ ಆರರವರೆಗೆ ಹಾಳೆ, ನಾಚಿಕೆಯದೂ ಸೇರಿ ಎಲ್ಲ. ಐದನೇ ಹಾಳೆಯಲ್ಲಿ ಭತ್ತ ಇದೆ. ಹೋದ ಸಲ ಅದನ್ನು ಸೇರಿಸುವ ಧೈರ್ಯ ಬಂದಿರಲಿಲ್ಲ. ಊರಿಗೆಲ್ಲ ಅನ್ನ ಹಾಕುವ ಭತ್ತಕ್ಕೆ ಕೋಳಿಯ ಅರ್ಧವೂ ಇಲ್ಲ ಮಾವ. ನನಗೇ ಅನುಮಾನ ಬಂದು ಟಿಪ್ಪಣಿ ಪುಸ್ತಕದ ಜೊತೆ ನಾಲ್ಕು ಸಲ ತಾಳೆ ನೋಡಿದೆ.

ಬರೆದ ಹಾಗೇ ಟೈಪ್ ಮಾಡಿ ಅಂತ ಈ ಸಲ ಹೇಳುವುದಿಲ್ಲ. ಮೊದಲು ಓದಿ. ಎಲ್ಲಾದರೂ ಕಣ್ಣು ನಿಂತರೆ ಯಾವ ಹಾಳೆ, ಯಾವ ಸಾಲು ಅಂತ ಬರೆಯಿರಿ. ನಾನು ಅದೇ ದಿನದ ಅಂಚೆಗೆ ಉತ್ತರ ಹಾಕುತ್ತೇನೆ.

ನಿಮ್ಮ
ವನಜ